ದನಿಯಿಲ್ಲದ ದೊಡ್ಡ ಪರದೆ

ಹಳೆಯ ಟೀವಿ ಸುಟ್ಟುಹೋದದ್ದೇ ನೆಪ, ನಮ್ಮ ಗುಮಾಸ್ತರು ಅರ್ಧ ಗೋಡೆಯಗಲದ ಮಾನಿಟರ್ ಒಂದನ್ನು ಹೊತ್ತು ತಂದರು.

"ಸ್ಮಾರ್ಟ್ ಟೀವಿ ತರ್ತೀನಿ ಅಂದಿದ್ರಲ್ಲ?" ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

"ಅದು ಜಾಹೀರಾತು ತೋರಿಸಿ ತಲೆ ತಿನ್ನುತ್ತೆ ಕಣೇ. ಇದು ತನ್ನ ಪಾಡಿಗೆ ತಾನಿರುತ್ತೆ. ಬುದ್ಧಿ ಹೇಳೋರು ಮನೇಲಿ ಸಾಲದಾ?"

"ಸರಿ. ಸಂಜೆ ಏಳಕ್ಕೆ ಅಮ್ಮನ ಧಾರಾವಾಹಿ ನಿಲ್ಲಬಾರದು. ನಿಂತ್ರೆ ನಾಳೆನೇ ಈ ಹಲಗೆ ವಾಪಸ್ ಅಂಗಡಿಗೆ!"

'ನಾನು ಟೀವಿಯನ್ನೇ ಬಿಟ್ಟವನು' ಎಂದು ಆಫೀಸಿನಲ್ಲೆಲ್ಲ ಕೊಚ್ಚಿಕೊಂಡು ಬಂದಿದ್ದ ಗುಮಾಸ್ತರಿಗೆ ಇದು ಮಾನದ ಪ್ರಶ್ನೆಯಾಯಿತು.

ಸಂಜೆ ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ದೊಡ್ಡ ಪರದೆಯ ಸುದ್ದಿ ಕೇಳಿ ಮೇಲಿನ ಮನೆಯ ಮೇಷ್ಟ್ರು, ಎದುರುಮನೆಯ ದರ್ಜಿ ಕರೆಯದೆಯೇ ಬಂದರು. ಲ್ಯಾಪ್‌ಟಾಪಿನಿಂದ ಕೇಬಲ್ ಸಿಕ್ಕಿಸಿದ್ದೇ ತಡ, ಧಾರಾವಾಹಿಯ ಅತ್ತೆ ಆನೆಮರಿಯಷ್ಟಾಗಿ ಮೂಡಿದಳು. ಬಾಯಿ ಆಡಿತು, ದನಿ ಬರಲಿಲ್ಲ.

"ಅಳಿಯಂದ್ರೇ, ನನ್ನ ಕಿವಿ ಹೋಯ್ತಾ?"

"ಕಿವಿ ಅಲ್ಲಮ್ಮ, ಇದಕ್ಕೆ ಬಾಯೇ ಇಲ್ಲ," ಎಂದರು ಮಾನಿಟರಿನ ಬೆನ್ನು ತಡಕುತ್ತಿದ್ದ ದರ್ಜಿ. "ಇಯರ್‌ಫೋನಿಗೆ ಒಂದು ತೂತಿದೆ, ಅಷ್ಟೇ. ಅಂಗಡೀಲಿ ನನ್ನ ಸ್ಪೀಕರ್ ಇದೆ, ತರ್ತೀನಿ. ಅಲ್ಲೀವರೆಗೆ ಹೇಗಾದ್ರೂ ತಳ್ಳಿ."

ಲ್ಯಾಪ್‌ಟಾಪಿನ ದನಿ ಹಿಂದೆಯೇ ಸತ್ತಿತ್ತು. ಇಯರ್‌ಫೋನ್ ಚಾಚಿದರೆ ಅತ್ತೆ ಹುಳ ಕಂಡವರಂತೆ ಮುಖ ಹಿಂಡಿದರು. "ಅದನ್ನ ನೀವೇ ತುರುಕ್ಕೊಳ್ಳಿ. ಅವರೇನಂತಾರೆ ನಮಗೆ ಹೇಳಿ."

ಗುಮಾಸ್ತರು ಸ್ಟೂಲ್ ಹತ್ತಿ ಕೂತರು. "ಬೀಗದಕೈ ಎಲ್ಲಿ ಅಂತ ಅತ್ತೆ ಕೇಳ್ತಾಳೆ. ಗೊತ್ತಿಲ್ಲ ಅಂತ ಅಳಿಯ ಹೇಳ್ತಾನೆ."

"ಇದೇನ್ರೀ, ಆಫೀಸಿನ ವರದಿ ಓದ್ದಂಗೆ!" ಮೇಷ್ಟ್ರು ಗದರಿದರು. "ಅವಳು ಅಳ್ತಿದಾಳೆ, ನೀವೂ ಸ್ವಲ್ಪ ಅಳಿ!"

ಗುಮಾಸ್ತರು ಅತ್ತರು. ಗುಡುಗಿದರು. ಆ ರಸದಲ್ಲಿ ಮೈಮರೆತ ಮೇಷ್ಟ್ರು ಕಾಲು ಚಾಚಿದ ರಭಸಕ್ಕೆ ಇಯರ್‌ಫೋನಿನ ವೈರು ತುಂಡಾಯಿತು. ಕಿವಿಯಲ್ಲಿ ಈಗ ಬರೀ ಮೌನ. ನಿಲ್ಲಿಸಿದರೆ ಮಾನಿಟರೂ ಹೋಯಿತು, ಮಾನವೂ ಹೋಯಿತು. ಪರದೆಯ ಅತ್ತೆ ಅಳಿಯನ ಭುಜ ಹಿಡಿದು ಕಣ್ಣೀರಿಡುತ್ತಿದ್ದಳು. ಗುಮಾಸ್ತರು ಗಟ್ಟಿ ಮನಸ್ಸು ಮಾಡಿದರು.

"ಅಳಿಯಂದ್ರೇ, ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ! ನಿಮ್ಮಂಥ ಬಂಗಾರ ಯಾರಿಗೆ ಸಿಗುತ್ತೆ? ಇನ್ಮೇಲೆ ಸಂಜೆ ಆರಾಮಾಗಿ ಕೂತ್ಕೊಳ್ಳಿ, ಯಾರೂ ನಿಮ್ಮ ತಂಟೆಗೆ ಬರಲ್ಲ!"

ಅತ್ತೆ ಕಣ್ಣೊರೆಸಿಕೊಂಡರು. ಮೇಷ್ಟ್ರು ಮೂಗು ಸೀಟಿದರು. ಅಷ್ಟರಲ್ಲಿ ದರ್ಜಿ ಏದುಸಿರು ಬಿಡುತ್ತ ಬಂದು ಸ್ಪೀಕರ್ ಸಿಕ್ಕಿಸಿಯೇಬಿಟ್ಟರು. ಪರದೆಯ ಅತ್ತೆಯ ನಿಜವಾದ ದನಿಗೆ ಕಿಟಕಿ ಅದುರಿತು:

"ದಂಡಪಿಂಡ! ಇನ್ನೊಂದ್ಸಲ ಈ ಮನೆ ಮೆಟ್ಟಿಲು ಹತ್ತಿದ್ರೆ ಕಾಲು ಮುರೀತೀನಿ!"

ಗುಮಾಸ್ತರು ಇಂಗು ತಿಂದ ಮಂಗನಂತೆ ಕೂತರು. ಹೆಂಡತಿ ತುಂಡಾದ ವೈರನ್ನೂ ಗಂಡನನ್ನೂ ನೋಡಿದಳು.

"ಥೂ, ಆ ಡಬ್ಬಾ ಕೀಳಪ್ಪ!" ಅತ್ತೆ ರೇಗಿದ್ದು ದರ್ಜಿಯ ಮೇಲೆ. "ಎಷ್ಟು ಚೆನ್ನಾಗಿ ಹೊಂದ್ಕೊಂಡಿದ್ರು, ಬಂದು ಜಗಳ ಹಚ್ತು. ನಮ್ಮ ಅಳಿಯಂದ್ರು ಹೇಳಿದ್ದೇ ಸರಿ."

ಅತ್ತು ಗುಡುಗಿ ಗುಮಾಸ್ತರ ಗಂಟಲು ಆಗಲೇ ಕಟ್ಟಿತ್ತು. "ಅತ್ತೆ, ನಾಳೆನೇ ಸ್ಮಾರ್ಟ್ ಟೀವಿ ತಂದ್ಬಿಡ್ತೀನಿ," ಎಂದು ಕೈಮುಗಿದರು.

"ಅಯ್ಯೋ, ಸುಮ್ನೆ ಯಾಕೆ? ಇದೇ ಇರ್ಲಿ. ನಾಳೆಯಿಂದ ಒಂದ್ಗಂಟೆ ಮುಂಚೆ ಬನ್ನಿ ಅಳಿಯಂದ್ರೇ, ಇನ್ನೊಂದು ಧಾರಾವಾಹಿ ಇದೆ. ಅದ್ರಲ್ಲಿ ಅವಳಿ ಅತ್ತೆಯರು. ಇಬ್ರೂ ಒಟ್ಟಿಗೇ ಮಾತಾಡ್ತಾರೆ."