ಹಲ್ಲೂ ನಾನಲ್ಲ

ವೇದಾಂತದ ತರಗತಿಗೆ ಸೇರಿದ ಮೇಲೆ ಮನೆಯಲ್ಲಿ ನನಗಿದ್ದ ಅಲ್ಪಸ್ವಲ್ಪ ಮರ್ಯಾದೆಯೂ ಹೊರಟುಹೋಯಿತು. ತಪ್ಪು ನನ್ನದಲ್ಲ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಭಾನುವಾರ ಸಂಜೆ ಗ್ರಂಥಾಲಯದ ಮಹಡಿಯಲ್ಲಿ ಪಾಠ ಹೇಳುತ್ತಿದ್ದರು: ನೀನು ದೇಹವಲ್ಲ, ಮನಸ್ಸಲ್ಲ, ಎಲ್ಲವನ್ನೂ ಸುಮ್ಮನೆ ನೋಡುವ ಸಾಕ್ಷಿ. ಗಂಡಸಿಗೆ ಇಷ್ಟು ಅನುಕೂಲವಾದ ಸಿದ್ಧಾಂತ ಇನ್ನೊಂದಿಲ್ಲ. ಹಾಲು ಉಕ್ಕಿದರೆ ನಾನು ಸಾಕ್ಷಿ. ಒಣಹಾಕಿದ ಬಟ್ಟೆ ಮಳೆಯಲ್ಲಿ ನೆನೆದರೆ ಆಗಲೂ ಸಾಕ್ಷಿ (ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು).

ಹೀಗಿರುವಾಗ ನನ್ನವಳಿಗೆ ಹಲ್ಲುನೋವು ಬಂತು.

"ರೀ, ಪ್ರಾಣ ಹೋಗ್ತಿದೆ!"

"ನೋವು ಹಲ್ಲಿಗೆ ಕಣೇ, ನಿನಗಲ್ಲ. ಹಲ್ಲು ಬೇರೆ, ನೀನು ಬೇರೆ."

ಅವಳು ನೋಡಿದ ನೋಟಕ್ಕೆ ಗೋಡೆಯ ಸುಣ್ಣ ಉದುರಬೇಕಿತ್ತು. ಚಪ್ಪಲಿ ಮೆಟ್ಟಿ ಡಾಕ್ಟರ ಬಳಿಗೆ ಹೊರಟಳು. ನಾನು ತೆಪ್ಪಗೆ ಹಿಂಬಾಲಿಸಿದೆ.

ಹಲ್ಲಿನ ಡಾಕ್ಟರ ಕೋಣೆಯೊಳಗಿಂದ ಯಾರೋ ಊಳಿಟ್ಟರು. ನನ್ನವಳ ಮುಖ ಬಿಳುಚಿತು. ಅಷ್ಟರಲ್ಲಿ ನರ್ಸಮ್ಮ ಬಾಗಿಲಿಂದ ಇಣುಕಿ, "ಹಲ್ಲುನೋವು ಯಾರಿಗೆ?" ಎಂದರು.

ನನ್ನ ಧರ್ಮಪತ್ನಿ ಒಂದು ಕ್ಷಣವೂ ತಡಮಾಡದೆ ನನ್ನತ್ತ ಬೆರಳು ತೋರಿಸಿದಳು. "ಇವರಿಗೆ."

"ಅಯ್ಯೋ, ನಾನಲ್ಲ!"

"ಹೆದರಿಕೆ ಆದ್ರೆ ಇವರು ಹೀಗೇನಾ?" ನರ್ಸಮ್ಮ ಇವಳನ್ನು ಕೇಳಿದರು.

"ಮನೇಲೂ ಇದೇ ಮಾತು ಸಿಸ್ಟರ್. ಏನು ಕೇಳಿದ್ರೂ 'ಅದು ನಾನಲ್ಲ' ಅಂತಾರೆ. ನೀವು ಎಳ್ಕೊಂಡು ಹೋಗಿ."

ನರ್ಸಮ್ಮನ ಮುಷ್ಟಿಯಲ್ಲಿ ನನ್ನ ರಟ್ಟೆ ಹುಣಸೇಹಣ್ಣಿನಂತೆ ಹಿಂಡಿಹೋಯಿತು. ಕುರ್ಚಿ ಹಿಂದಕ್ಕೆ ವಾಲಿತು, ಕನ್ನಡಿ ಬಾಯೊಳಗೆ ತೂರಿತು. "ನಾನಲ್ಲ" ಎಂದೆ. ಅಗಲಿಸಿದ ಬಾಯಿಂದ "ಆ... ಹಲ್ಲ" ಎಂದು ಹೊರಟಿತು.

"ಹೌದು, ಹಲ್ಲೇ," ಎಂದರು ಡಾಕ್ಟರು ಖುಷಿಯಾಗಿ. "ದವಡೆಯದು, ಪೂರ್ತಿ ಹುಳುಕು! ಇದನ್ನ ಇಟ್ಕೊಂಡು ಹೇಗೆ ಸುಮ್ನಿದ್ರಿ ಸಾರ್? ಮಹಾ ಸಹನೆ ನಿಮ್ಮದು."

ಸೂಜಿ ಬಂತು. ಇಕ್ಕಳ ಬಂತು. ಸಾಕ್ಷಿ ಯಾವ ಕಿಟಕಿಯಿಂದ ಹಾರಿಹೋದನೋ ಕಾಣೆ, "ಅಮ್ಮಾ!" ಎಂದು ಕಿರುಚಿದವನಂತೂ ಸಾಕ್ಷಾತ್ ನಾನೇ.

ಆಮೇಲೆ ಅವಳ ಸರದಿ. ಡಾಕ್ಟರು ಇಣುಕಿ ನೋಡಿ, ಹಲ್ಲಿನ ಸಂದಿಯಿಂದ ಕಡಲೆಬೀಜದ ಚೂರೊಂದನ್ನು ಚಿಮುಟದಲ್ಲಿ ಎತ್ತಿದರು. "ಅಷ್ಟೇನಮ್ಮ, ಎದ್ದೇಳಿ."

ಭಾನುವಾರದ ಹೊತ್ತಿಗೆ ನನ್ನ ಕೆನ್ನೆ ಕುಂಬಳಕಾಯಿಯಾಗಿತ್ತು. ಆದರೂ ತರಗತಿಗೆ ಹೊರಟೆ; ಎಂದೂ ಬಾರದ ಇವಳೂ ಜೊತೆಗೆ ಬಂದಳು. ರೂಪ ಸುಳ್ಳು, ಮುಖ ನೋಡಿ ಮೋಸಹೋಗಬೇಡಿ ಎಂದು ವರ್ಷವಿಡೀ ಬೋಧಿಸಿದ ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೂತ ನನ್ನನ್ನು ದಿಟ್ಟಿಸಿ ನೋಡಿದರು.

"ತಾವು ಯಾರು? ಹೊಸಬರಾ?"

'ನಾನೇ ಸಾರ್, ನಿಮ್ಮ ಹಳೇ ಶಿಷ್ಯ!' ಎನ್ನಲು ಬಾಯಿ ತೆರೆದೆ. ಗೂಳಿಯ ಗುಟುರಿನಂಥದ್ದೇನೋ ಬಂತು.

ಇವಳು ಎದ್ದು ನಿಂತು ವಿನಯದಿಂದ ಕೈಮುಗಿದಳು.

"ಹೌದು ಸಾರ್, ಹೊಸಬರು. ದಯವಿಟ್ಟು ಮೊದಲನೇ ಪಾಠದಿಂದ ಶುರು ಮಾಡಿ."