ಹಲ್ಲು ಕೆಡಲು ಗುರುಗಳು ಕೊಟ್ಟ ಕಾರಣಗಳು

ಹಲ್ಲಿನ ತಪಾಸಣೆಗೆಂದು ಶಾಲೆಗಳಿಗೆ ಹೋದಾಗಲೆಲ್ಲ ನಾನು ನೋಡುವುದು ಮಕ್ಕಳ ಬಾಯಿ. ನೆನಪಿನಲ್ಲಿ ಉಳಿಯುವುದು ಮಾಸ್ತರರ ಮಾತು. ಬೀದರಿನಿಂದ ಬಂದು ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ದಂತವೈದ್ಯನಾಗಿ ಕೂತ ಮೇಲೆ, "ನಮ್ಮ ಜನರ ಹಲ್ಲು ಯಾಕೆ ಇಷ್ಟು ಕೆಡುತ್ತವೆ?" ಎಂದು ಹೋದಲ್ಲೆಲ್ಲ ಕೇಳುವುದು ನನ್ನ ಚಟ. ಗುರುವೃಂದ ಒಮ್ಮೆಯೂ ನಿರಾಸೆ ಮಾಡಿಲ್ಲ.

೧. ಬೋರ್ಡಿನ ಮೇಲಿನ ಉತ್ತರ

ನಮ್ಮ ಬೀದರಿನದೇ ಒಂದು ಶಾಲೆ. ಗಣಿತದ ಮಾಸ್ತರರನ್ನು ಕೇಳಿದೆ. ಅವರು ಬಾಯಿ ತೆರೆಯದೆ ಮುಖ ಮೇಲೆತ್ತಿ, "ಹೂಂ, ಹೂಂ" ಅಂದರು. ಆಳವಾಗಿ ವಿಚಾರ ಮಾಡುತ್ತಿದ್ದಾರೆಂದು ಗೌರವದಿಂದ ಕಾದೆ. ಕೊನೆಗೆ ಚಾಕ್ ತೆಗೆದುಕೊಂಡು ಬೋರ್ಡಿನ ಮೇಲೆ ಮುದ್ದಾಗಿ ಬರೆದರು: "ಮುಖ್ಯ ಕಾರಣ, ತಂಬಾಕು." ಕೆಳಗೆ ಎರಡು ಗೆರೆಯನ್ನೂ ಎಳೆದರು.

ಬಾಯಿಂದಲೇ ಹೇಳಬಹುದಿತ್ತು. ಆದರೆ ಬಾಯಿ ತುಂಬ ಅದೇ ಇತ್ತು.

೨. ಹೆದರಿಕೆ

ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯನ್ನು 'ಬಾಯಿ' ಅನ್ನುತ್ತಾರೆ. ಬಾಯಿಯ ವಿಷಯ ಬಾಯಿಯವರನ್ನೇ ಕೇಳೋಣ ಎಂದು ನಾಸಿಕದಲ್ಲಿ ಒಬ್ಬರನ್ನು ಹಿಡಿದೆ. ಅವರು ಕಲಬುರಗಿ ಕಡೆಯವರು. ಕನ್ನಡ ಕೇಳಿ ಅರಳಿಬಿಟ್ಟರು.

"ಹೆದರಿಕೀನೇ ಕಾರಣ ನೋಡ್ರಿ ಡಾಕ್ಟರ್. ಸಣ್ಣವರಿದ್ದಾಗಿಂದ ಹಲ್ಲಿನ ಡಾಕ್ಟರ್ ಬಂದ, ಹಲ್ಲಿನ ಡಾಕ್ಟರ್ ಬಂದ ಅಂತ ಬೆದರಸ್ತಾರ. ಹಂಗ ಮಾಡಬಾರದ್ರಿ."

ನನಗೆ ಎದೆ ತುಂಬಿ ಬಂತು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಗದ್ದಲ. ಬಾಯಿಯವರು ಗರ್ರನೆ ತಿರುಗಿ ಮರಾಠಿಯಲ್ಲಿ ಗುಡುಗಿದರು: "ಸುಮ್ಮನೆ ಕೂಡ್ತೀರೋ, ಈ ಡಾಕ್ಟರ್ ಕಡೆ ಎಲ್ಲರ ಹಲ್ಲು ಕೀಳಸಲೋ?"

ಕ್ಲಾಸು ತೆಪ್ಪಗಾಯಿತು. ಆಮೇಲೆ ಒಬ್ಬರೂ ಬಾಯಿ ತೆರೆಯಲಿಲ್ಲ, ತಪಾಸಣೆಗೂ.

೩. ಹೆಡ್‌ಮಾಸ್ತರರಿಗೆ ಬಿಡುವಿಲ್ಲ

ಪೈಠಣದ ಹತ್ತಿರದ ಶಾಲೆಯೊಂದರ ಹೆಡ್‌ಮಾಸ್ತರರು ಮೇಜು ಕುಟ್ಟಿ, "ನಿರ್ಲಕ್ಷ್ಯ!" ಅಂದರು. "ನೋವು ಬಂದರೂ ಮಂದಿ ನಾಳೆ, ನಾಡಿದ್ದು ಅಂತ ಮುಂದೂಡುತ್ತಾರೆ." ಅರ್ಧ ತಾಸು ಇದೇ ಭಾಷಣ. ಮಕ್ಕಳು ಹೋದ ಮೇಲೆ ಬಾಗಿಲು ಹಾಕಿ ಪಿಸುಗುಟ್ಟಿದರು: "ಡಾಕ್ಟರ್ ಸಾಹೇಬರೇ, ನನ್ನ ದವಡೆ ಹಲ್ಲೊಂದು ದೀಪಾವಳಿಯಿಂದ ನೋಯುತ್ತಿದೆ."

ನೋಡಿದೆ. ಒಸಡಿನಲ್ಲಿ ಕೀವು, ಕೆನ್ನೆಗೆ ಬಾವು. ನನಗೇ ಗಾಬರಿಯಾಯಿತು.

"ನಾಳೆಯೇ ಬಂದುಬಿಡಿ."

"ನಾಳೆ ಹಲ್ಲಿನ ಜಾಗೃತಿ ಜಾಥಾ ಇದೆ."

"ನಾಡಿದ್ದು?"

"ಜಾಥಾದ ವರದಿ ಕಳಿಸಬೇಕು. ಫೋಟೋ ಸಮೇತ."

"ಶನಿವಾರವಾದರೂ ಬನ್ನಿ! ಇನ್ನೂ ತಡ ಮಾಡಿದರೆ ಕೀವು ದವಡೆಯ ಎಲುಬಿಗೇ ಇಳಿಯುತ್ತದೆ."

ಅವರು ಬಾತ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನರಳಿದರು.

"ಶನಿವಾರವಂತೂ ಸಾಧ್ಯವೇ ಇಲ್ಲ. ಆರೋಗ್ಯವಂತ ಹಲ್ಲಿನ ಸ್ಪರ್ಧೆ ಇಟ್ಟಿದ್ದೇವೆ. ನಾನೇ ಜಡ್ಜ್."