ಮೆಲ್ಲಗಾದ ಮಾತ್ರಕ್ಕೆ ಮುಗಿಯದ ಮಾರ್ಚಿಗೆ

ಮಾನ್ಯ ಅಮೆರಿಕನ್ ಬ್ಯಾಂಡ್ ಮಾರ್ಚ್ ಅವರೇ,

ನೂರು ವರ್ಷ ದಾಟಿದರೂ ಮಂಡಿನೋವಿಲ್ಲದೆ ಎಡಗಾಲು ಬಲಗಾಲು ಹಾಕುತ್ತಿರುವ ತಮಗೆ ನೈರೋಬಿಯ ಪಂಗಾನಿಯಿಂದ ದೊಡ್ಡ ನಮಸ್ಕಾರ. ನಾನು ಆಲ್ಫ್ರೆಡ್, ವಿನ್ಸೆಂಟ್ ಅಂಕಲ್ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುವವನು. ತಮ್ಮ ದಯೆಯಿಂದ ಆ ಡ್ರಮ್ ನನ್ನ ಕೈಬಿಟ್ಟು ಹೋಗುತ್ತಿದೆ, ಅದಕ್ಕೇ ಈ ಅಭಿನಂದನೆ.

ತಮ್ಮ ಆರಂಭದ ಬಗ್ಗೆ ತಕರಾರಿಲ್ಲ. ಕಾರ್ನೆಟ್ ತುತ್ತೂರಿಗಳು ಬಾಗಿಲು ಒದ್ದು ಒಳಗೆ ನುಗ್ಗುತ್ತವೆ. ಕಳೆದ ಭಾನುವಾರ ಲಂಗಾಟಾದಲ್ಲಿ, ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವದಲ್ಲಿ, ಮಂಡಿ ಆಪರೇಷನ್ ಆದ ಆಂಟಿಯರೂ ಕೂತಲ್ಲೇ ಕಾಲು ಕುಣಿಸಿದರು. ಅಲ್ಲಿಗೇ ಮುಗಿಸಬಹುದಿತ್ತು. ಮರ್ಯಾದಸ್ಥ ಹಾಡುಗಳು ಎಲ್ಲೆಲ್ಲೋ ಸುತ್ತಿ ಪಲ್ಲವಿಗೆ ವಾಪಸ್ ಬರುತ್ತವೆ. ತಾವೋ, ನಡುದಾರಿಯಲ್ಲಿ ಶ್ರುತಿ ಬದಲಿಸಿ, ನನ್ನ ಡ್ರಮ್ಮನ್ನು ಸುಮ್ಮನಿರಿಸಿ, ಕ್ಲಾರಿನೆಟ್‌ಗಳ ಕೈಲಿ ಲಾಲಿಯಂಥದ್ದೇನೋ ಹಾಡಿಸಿ, ಹೊರಟ ಮನೆಯ ಕಡೆ ಮತ್ತೆ ತಲೆಯೇ ಹಾಕುವುದಿಲ್ಲ.

ನಮ್ಮ ಬಳಗದಲ್ಲಿ ಸಂಗೀತ ಮೆಲ್ಲಗಾಯಿತೆಂದರೆ ಭಾಷಣ ಶುರು ಎಂದರ್ಥ. ಸನ್ಮಾನಕ್ಕೂ ವಂದನಾರ್ಪಣೆಗೂ ಹಿನ್ನೆಲೆಯಲ್ಲಿ ಕೊಳಲು ಹಾಕಿಯೇ ಅಭ್ಯಾಸ. ಅಧ್ಯಕ್ಷ ಚಕ್ರಪಾಣಿಯವರು ಎದ್ದು ಮೈಕ್ ಹಿಡಿದು, “ಪರದೇಶದಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ ಥರ ಶಾಂತವಾಗಿ…” ಎನ್ನುವಷ್ಟರಲ್ಲಿ ತಮ್ಮ ಜಗಳದ ಭಾಗ ಬಂತು. ದಪ್ಪ ದನಿಯ ಟ್ರಾಂಬೋನ್‌ಗಳು ಕೆಳಗಿಂದ ಬೈಯುವುದು, ಕಾರ್ನೆಟ್‌ಗಳು ಮೇಲಿಂದ ತಿರುಗಿ ಬೈಯುವುದು, ನಡುವೆ ನನ್ನ ಡ್ರಮ್ಮಿನ ಗುದ್ದು. ಅಧ್ಯಕ್ಷರು ಬೆಚ್ಚಿ ಶಾಲು ಬೀಳಿಸಿಕೊಂಡು, “ಏಯ್, ನಿಲ್ಸೋ! ಮಾತಾಡ್ತಿರೋದು ಕಾಣಲ್ವಾ?” ಎಂದರು. “ಇನ್ನೂ ಮುಗ್ದಿಲ್ಲ ಸರ್, ಕೂತ್ಕೊಳ್ಳಿ!” ಎಂದು ನಾನೂ ಕೂಗಿದೆ. ಪಿಕೊಲೊ ಎಂಬ ಪುಟ್ಟ ಕೊಳಲನ್ನು ತಲೆಯ ಮೇಲೆ ಹಾರಾಡಿಸಿಕೊಂಡು ತಾವು ಮಾತ್ರ ಆರಾಮಾಗಿ ಮೆರೆದಿರಿ.

ಚಹಾ ಹೊತ್ತಿಗೆ ಅಧ್ಯಕ್ಷರ ತೀರ್ಪಾಯಿತು. “ಫಾರ್ಮ್ ಟೂನಲ್ಲೇ ಸ್ಕೂಲ್ ಬಿಟ್ಟೋನ ಕೈಗೆ ಡ್ರಮ್ ಕೊಟ್ರೆ ಇನ್ನೇನಾಗತ್ತೆ ವಿನ್ಸೆಂಟ್? ತೆಗೀರಿ ಅವನ್ನ.” ಅಧ್ಯಕ್ಷರನ್ನು ಬೆಚ್ಚಿಸದೆ ಡ್ರಮ್ ಬಾರಿಸುವ ಪಾಠ ಹೈಸ್ಕೂಲಿನ ಫಾರ್ಮ್ ತ್ರೀಯಲ್ಲಿ ಇತ್ತೇನೋ, ನನಗೆ ತಪ್ಪಿಹೋಯಿತು. ಮಂಗಳೂರಿನ ವಿನ್ಸೆಂಟ್ ಅಂಕಲ್, “ತೆಗೀಲಿಕ್ಕೆ ಆಗುದಿಲ್ಲ ಸರ್, ಡ್ರಮ್ ಬೀಳದಿದ್ರೆ ಮುಗಿದದ್ದು ಯಾರಿಗೂ ಗೊತ್ತಾಗುದಿಲ್ಲ” ಎಂದು ಚೌಕಾಸಿ ಮಾಡಿ ಇಷ್ಟು ಉಳಿಸಿದರು: ಮುಂದಿನ ವಾರ ಸ್ಪ್ರಿಂಗ್ ವ್ಯಾಲಿಯ ಕಾರ್ಯಕ್ರಮದಲ್ಲಿ, ಎಲ್ಲ ಮುಗಿದು ಒಂದು ಕ್ಷಣ ಮೌನವಾಗಿ, ಆಮೇಲೆ ಬೀಳುತ್ತದಲ್ಲ ತಮ್ಮ ಕಡೆಯ ಒಂಟಿ ಪೆಟ್ಟು, ಅದೊಂದೇ ನನ್ನದು. ಅಲ್ಲಿಯವರೆಗೆ ಕೋಲು ಹಿಡಿದು ಕಂಬದ ಹಾಗೆ ನಿಂತಿರಬೇಕು. ನೆಟ್ಟಗೆ ಬಾರಿಸಿದ್ದಕ್ಕೆ ಸಿಕ್ಕ ಬಹುಮಾನ ಇದು!

ಆದ್ದರಿಂದ ತಾವು ಇನ್ನು ಮುಂದೆ ಮೆಲ್ಲಗಾಗುವ ಮೊದಲು ಒಮ್ಮೆ ಕೆಮ್ಮಿ, ಅಧ್ಯಕ್ಷರು ಕೂತೇ ಇದ್ದಾರೆಂದು ಖಾತ್ರಿ ಮಾಡಿಕೊಂಡು, ಟ್ರಾಂಬೋನ್ ಕಾರ್ನೆಟ್‌ಗಳ ಜಗಳವನ್ನು ಹೊರಗೆ ಮಟಾಟು ವ್ಯಾನುಗಳ ಹಾರ್ನಿನ ನಡುವೆ ಬಗೆಹರಿಸಿಕೊಂಡು, ಕೈಕಾಲು ತೊಳೆದು ಪಲ್ಲವಿಗೆ ವಾಪಸ್ ಬರಬೇಕಾಗಿ ಪ್ರಾರ್ಥನೆ. ಆಗದಿದ್ದರೆ ನನ್ನ ಡ್ರಮ್ಮನ್ನಾದರೂ ವಾಪಸ್ ಕೊಡಿಸಿ.

ತಮ್ಮ ವಿಶ್ವಾಸಿ, ಒಂದು ಪೆಟ್ಟಿನ ಮಟ್ಟಿಗೆ ಮಾತ್ರ,
ಆಲ್ಫ್ರೆಡ್

ತಾ.ಕ.: ಸ್ಪ್ರಿಂಗ್ ವ್ಯಾಲಿಯಲ್ಲಿ ಕುರ್ಚಿ ಜೋಡಿಸುವ ಕೆಲಸವನ್ನೂ ನನಗೇ ಹಚ್ಚಿದ್ದಾರೆ. ಅಧ್ಯಕ್ಷರ ಕುರ್ಚಿಯನ್ನು ಗೌರವದಿಂದ ಡ್ರಮ್ಮಿನ ಮುಂದೆಯೇ ಹಾಕುತ್ತೇನೆ. ಕೊನೆಯ ಆ ಮೌನವನ್ನು ಮಾತ್ರ ತಾವು ಸ್ವಲ್ಪವೂ ಮೊಟಕು ಮಾಡಬೇಡಿ. ಅವರು ಎದ್ದು ಮೈಕ್ ಹಿಡಿಯಲು ಅಷ್ಟು ಸಮಯ ಬೇಕು.